ತಲೆಗೂದಲ ಮಾತುಗಳಿಗೂ ನಿಘಂಟಿನಲ್ಲಿ ಜಾಗವಿರಲಿ: ಕೋಶಕಾರರಿಗೊಂದು ಬಹಿರಂಗ ಪತ್ರ

ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಿಗೆ, ಹಾಗೂ ಕನ್ನಡದ ನಿಘಂಟು, ಗಾದೆಕೋಶ, ನುಡಿಗಟ್ಟಿನ ಕೋಶಗಳನ್ನು ಸಿದ್ಧಪಡಿಸುವ ಎಲ್ಲ ಸಂಪಾದಕರಿಗೆ,

ಮಾನ್ಯರೇ,

ಕನ್ನಡಿಗರು ತಲೆಗೂದಲು, ಜಡೆ, ಜುಟ್ಟು, ಮೀಸೆ, ಗಡ್ಡ ಮತ್ತು ಬೋಳುತಲೆಗಳನ್ನು ಕುರಿತು ದಿನನಿತ್ಯ ಆಡುವ ತಮಾಷೆಯ ಮಾತು, ಗಾದೆ, ಅಡ್ಡಹೆಸರು, ಪಂಥ ಮತ್ತು ಬೈಗುಳಗಳನ್ನು ಒಂದೆಡೆ ಕಲೆಹಾಕಿ, ಯಾವುದನ್ನೂ ಸೋಸಿ ಎಸೆಯದೆ, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳುತ್ತಾರೆಂಬ ವಿವರಣೆಯೊಂದಿಗೆ ಪ್ರಕಟಿಸಬೇಕೆಂದು ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾಡಿನ ಮುಂದೆ ನೆರೆ, ಬರ, ಗಡಿ, ಶಾಲೆ ಇಂಥ ಪ್ರಶ್ನೆಗಳಿರುವಾಗ ಕೂದಲಿನ ವಿಷಯಕ್ಕೆ ಕಾಗದ ಬರೆಯುವವನಿಗೆ ಬೇರೆ ಕೆಲಸವಿಲ್ಲವೇ ಎಂದು ತಾವು ಕೇಳಬಹುದು. ಹಾಗೆ ಕೇಳುವವರಿಗಾಗಿಯೇ ‘ಕೆಲಸವಿಲ್ಲದ ಕ್ಷೌರಿಕ ಬೆಕ್ಕಿನ ತಲೆ ಬೋಳಿಸಿದನಂತೆ’ ಎಂಬ ಗಾದೆ ಸಿದ್ಧವಾಗಿದೆ, ಮತ್ತು ಆ ಗಾದೆಯೂ ನಾನು ಕಲೆಹಾಕಬೇಕೆನ್ನುವ ಪಟ್ಟಿಯಲ್ಲೇ ಸೇರುತ್ತದೆ.

ನಮ್ಮ ಗಂಭೀರ ವ್ಯವಹಾರವೂ ಕೂದಲಿನ ಹಂಗಿಲ್ಲದೆ ನಡೆಯುವುದಿಲ್ಲ. ಸಾಹಿತಿಯೊಬ್ಬರಿಗೆ ಪ್ರಶಸ್ತಿ ಬಂದರೆ ಪತ್ರಿಕೆಗಳು ಅದನ್ನು ಅವರ ‘ಮುಡಿಗೇರಿಸು’ತ್ತವೆ, ಪಕ್ಕದಲ್ಲೇ ಅಚ್ಚಾದ ಭಾವಚಿತ್ರದಲ್ಲಿ ಮುಡಿಯೆಂಬುದು ಹೇಳಹೆಸರಿಲ್ಲದೆ ಹೋಗಿದ್ದರೂ ಸುದ್ದಿ ಬರೆದವರಿಗೆ ಅದು ತೊಡಕೆನಿಸುವುದಿಲ್ಲ. ರಾಜ್ಯದ ನಾಯಕರ ಜುಟ್ಟು ದೆಹಲಿಯ ವರಿಷ್ಠರ ಕೈಯಲ್ಲಿದೆಯೆಂದು ಆಡಳಿತ ಪಕ್ಷವನ್ನು ವಿರೋಧ ಪಕ್ಷವೂ, ವಿರೋಧ ಪಕ್ಷವನ್ನು ಆಡಳಿತ ಪಕ್ಷವೂ ಹಂಗಿಸುತ್ತವೆ. ಜುಟ್ಟು ಬಿಡುವವರು ಪುರೋಹಿತರಲ್ಲೂ ವಿರಳರಾಗಿ, ಕ್ರಾಪು ಮನೆಮನೆಗೆ ಬಂದು ತಲೆಮಾರುಗಳೇ ಕಳೆದಿದ್ದರೂ ಒಬ್ಬರ ಮೇಲೆ ಇನ್ನೊಬ್ಬರಿಗಿರುವ ಹಿಡಿತವನ್ನು ಹೇಳಲು ನಮಗೆ ಇಂದಿಗೂ ಜುಟ್ಟೇ ಬೇಕು. ಕ್ರಾಪು ಹಿಡಿದು ಯಾರೂ ಯಾರನ್ನೂ ಆಳುವುದಿಲ್ಲ. ಅಭ್ಯರ್ಥಿ ಗೆಲ್ಲುವುದು ಕೂದಲೆಳೆಯ ಅಂತರದಲ್ಲಿ, ಆಪ್ತನನ್ನು ಕಾಯುವುದು ಕೂದಲೂ ಕೊಂಕದಂತೆ, ಕಗ್ಗಂಟಾದ ಸಂಧಾನ ಮುಗಿಯುವುದು ಬೆಣ್ಣೆಯಿಂದ ಕೂದಲು ತೆಗೆದಂತೆ. ವಿಮರ್ಶಕರು ಮನಸಾರೆ ಮೆಚ್ಚುವ ‘ನವಿರಾದ ಹಾಸ್ಯ’ದ ನವಿರು ಕೂಡ ಹಳಗನ್ನಡದಲ್ಲಿ ಕೂದಲೇ. ಮೈ ನವಿರೇಳಿತು ಎನ್ನುವಾಗ ಎದ್ದು ನಿಲ್ಲುವುದು ಅದೇ ನವಿರು.

ಈ ರಾಶಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ‘ತಿರುಪತಿ ಕ್ಷೌರ’. ಹಿಂದೆ ಮುಡಿ ಕೊಡಲು ತಿರುಮಲೆಗೆ ಹೋದ ಯಾತ್ರಿಕರು ಗುಂಪುಗುಂಪಾಗಿ ಬಂದಾಗ, ಗಿರಾಕಿ ಪಕ್ಕದವನ ಬಳಿಗೆ ಜಾರಿಹೋಗದಿರಲೆಂದು ಕ್ಷೌರಿಕನು ಪ್ರತಿಯೊಬ್ಬನ ತಲೆಯ ಮೇಲೂ ಒಂದೊಂದು ಪಟ್ಟಿ ಬೋಳಿಸಿ, ಎಲ್ಲರನ್ನೂ ಸಾಲಾಗಿ ಕೂರಿಸಿಬಿಡುತ್ತಿದ್ದನೆಂದು ಕತೆ ಹೇಳುತ್ತಾರೆ. ಒಂದು ಪಟ್ಟಿ ಕಳೆದುಕೊಂಡವನು ಎದ್ದು ಹೋಗುವಂತಿಲ್ಲ, ಕೂತರೆ ಸರದಿ ಬೇಗ ಬರುವಂತೆಯೂ ಇಲ್ಲ. ಇಂದು ಅಲ್ಲಿಯ ಕಲ್ಯಾಣಕಟ್ಟೆಯಲ್ಲಿ ಚೀಟಿಯ ವ್ಯವಸ್ಥೆಯಿದೆ, ಹೆಣ್ಣು ಕ್ಷೌರಿಕರೂ ಇದ್ದಾರೆ, ಯಾರ ತಲೆಯನ್ನೂ ಅರ್ಧಕ್ಕೆ ಬಿಡುವ ಪ್ರಮೇಯವೇ ಇಲ್ಲ. ಆದರೆ ನುಡಿಗಟ್ಟು ಬೆಟ್ಟವಿಳಿದು ಬಂದು ನಮ್ಮ ಊರುಗಳಲ್ಲಿ ಖಾಯಂ ಆಗಿ ನೆಲೆಸಿದೆ. ಒಂದು ಬಡಾವಣೆಯ ರಸ್ತೆಯನ್ನು ಒಳಚರಂಡಿಗೆಂದು ಅಗೆದು, ಮುಚ್ಚುವ ಮೊದಲೇ ಪಕ್ಕದ ಬಡಾವಣೆಗೆ ಗುದ್ದಲಿ ಹಾಕುವ ಗುತ್ತಿಗೆದಾರನೂ, ಐದು ಗ್ರಂಥಗಳನ್ನು ಒಪ್ಪಿಕೊಂಡು ಐದಕ್ಕೂ ಮುನ್ನುಡಿ ಮಾತ್ರ ಬರೆದಿಟ್ಟ ವಿದ್ವಾಂಸನೂ ಮಾಡುವುದು ತಿರುಪತಿ ಕ್ಷೌರವೇ. ಇಲ್ಲಿ ಕೋಶಕಾರರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ‘ಅರ್ಧಂಬರ್ಧ’ ಎಂದರೆ ಅದರಲ್ಲಿ ಸೋಮಾರಿತನ ಅಥವಾ ಅಸಾಮರ್ಥ್ಯವಷ್ಟೇ ಇದೆ. ತಿರುಪತಿ ಕ್ಷೌರದಲ್ಲಿ ಲೆಕ್ಕಾಚಾರವಿದೆ. ಕೆಲಸ ಮುಗಿಸದೆ ಇರುವುದೇ ಗಿರಾಕಿಯನ್ನು ಹಿಡಿದಿಡುವ ಉಪಾಯವೆಂಬ ಜಾಣತನ ಆ ಎರಡು ಪದಗಳಲ್ಲಿ ಅಡಗಿದೆ. ‘ಕೆಲಸವನ್ನು ಅಪೂರ್ಣವಾಗಿ ಬಿಡುವುದು’ ಎಂದು ಒಂದು ಸಾಲಿನ ಅರ್ಥ ಕೊಟ್ಟು ಮುಗಿಸಿದರೆ ಆ ಜಾಣತನವೂ ನಗೆಯೂ ಒಟ್ಟಿಗೇ ಹೋಗುತ್ತವೆ. ಕತೆಯನ್ನು ಕತೆಯೆಂದೇ ಹೇಳಿ, ಅರ್ಥವನ್ನು ಅದರ ಪಕ್ಕದಲ್ಲಿ ಇಡಬೇಕು.

ಈ ಬಗೆಯ ಕೆಲಸಕ್ಕೆ ನಮ್ಮಲ್ಲಿ ಮೇಲ್ಪಂಕ್ತಿಯಿಲ್ಲವೆನ್ನುವಂತಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನೆಂಡ್ ಕಿಟ್ಟೆಲರ ನಿಘಂಟು ಪದಗಳ ಜೊತೆಗೆ ಜನರ ಬಾಯಲ್ಲಿದ್ದ ಗಾದೆಗಳನ್ನು ಧಾರಾಳವಾಗಿ ಸೇರಿಸಿಕೊಂಡಿತ್ತು. ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ, ಪ್ರೊ. ಜಿ. ವೆಂಕಟಸುಬ್ಬಯ್ಯನವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕನ್ನಡ ನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಆಧಾರವಾಗಿ ಹಿಡಿದ ಮಹತ್ಕಾರ್ಯ. ಅದರ ಮುಂದೆ ತಲೆಬಾಗದವರಿಲ್ಲ. ಆದರೆ ಶಾಸನ, ಕಾವ್ಯಗಳಿಗೂ ಒಂದು ಮಿತಿಯಿದೆ. ಬೋಳುತಲೆಯ ಮಂತ್ರಿಯನ್ನು ಜನ ಹಿಂದಿನಿಂದ ‘ಬಾಂಡ್ಲಿ’ ಎಂದು ಕರೆಯುತ್ತಿದ್ದುದನ್ನು ಯಾವ ಅರಸನೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಆಡುಮಾತಿನ ನಗೆಗೆ ದಾಖಲೆ ಬೇಕಾದರೆ ಅದನ್ನು ಆಡುವ ಬಾಯಿಗಳ ಬಳಿಗೇ ಹೋಗಬೇಕಾಗುತ್ತದೆ.

ಶಾಲೆಗಳಲ್ಲಿ ನಡೆಯುತ್ತಿರುವ ಗಾದೆ ವಿಸ್ತರಣೆಯಿಂದ ಈ ಕೆಲಸವಾಗುತ್ತಿದೆಯೆಂದು ತಾವು ಸಮಾಧಾನಪಟ್ಟುಕೊಳ್ಳಬಾರದೆಂದು ವಿನಂತಿ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಕಡ್ಡಾಯದ ಮೊದಲ ವಾಕ್ಯವನ್ನು ಬರೆದು ಮಕ್ಕಳು ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬುದನ್ನು ಮಿತವ್ಯಯದ ಪಾಠವನ್ನಾಗಿ ಬೆಳೆಸಿ ಅಂಕ ಪಡೆಯುತ್ತಾರೆ. ಊರಿನಲ್ಲಿ ಆ ಗಾದೆಯ ಬಾಳು ಬೇರೆ. ಉಳ್ಳವನು ಇಲ್ಲದವನ ಮದುವೆಯ ಮೆರವಣಿಗೆಯನ್ನು ನೋಡಿ ಹೇಳಿದರೆ ಅದು ಚುಚ್ಚುಮಾತು; ಅದೇ ಮಾತನ್ನು ಇಲ್ಲದವನು ಹೊಸ ಅಂಗಿ ತೊಟ್ಟು ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಅದು ದಿಟ್ಟತನ. ‘ಕೂದಲಿದ್ದವಳು ತುರುಬನ್ನು ಹೇಗೆ ಕಟ್ಟಿದರೂ ಚೆಂದ’ ಎಂಬ ಮಾತಂತೂ ಕೂದಲಿನ ಬಗ್ಗೆ ಬಳಕೆಯಾಗುವುದು ಕಡಿಮೆ, ದುಡ್ಡಿನ ಬಗ್ಗೆ ಬಳಕೆಯಾಗುವುದೇ ಹೆಚ್ಚು. ಶ್ರೀಮಂತರ ಮನೆಯ ಸರಳ ಮದುವೆ ಆದರ್ಶವೆಂದು ಹೊಗಳಿಸಿಕೊಳ್ಳುವಾಗ, ಬಡವರ ಮನೆಯ ಸರಳ ಮದುವೆಗೆ ಆ ಹೊಗಳಿಕೆ ಸಿಗದಿದ್ದುದನ್ನು ಕಂಡ ಹೆಂಗಸರು ಈ ಮಾತನ್ನು ಮೆಲುದನಿಯಲ್ಲಿ ಆಡುತ್ತಾರೆ. ಇನ್ನು ‘ಎರಡು ಜಡೆ ಒಂದು ಕಡೆ ಸೇರುವುದಿಲ್ಲ’ ಎಂಬುದು ಗಂಡಸರು ಕಟ್ಟಿ, ಗಂಡಸರೇ ಪ್ರಚಾರ ಮಾಡಿದ ಗಾದೆಯೆಂಬ ಅನುಮಾನ ನನಗೆ ಬಹಳ ದಿನಗಳಿಂದ ಇದೆ. ನಮ್ಮ ವಿಧಾನಸಭೆಯಲ್ಲಿ ಜಡೆಗಳ ಸಂಖ್ಯೆ ಎಷ್ಟು ಕಡಿಮೆಯೆಂಬುದನ್ನೂ ಅಲ್ಲಿಯ ಗದ್ದಲ ಎಷ್ಟು ಹೆಚ್ಚೆಂಬುದನ್ನೂ ಬಲ್ಲವರು ಈ ಗಾದೆಯ ಕೆಳಗೆ ಒಂದು ಟಿಪ್ಪಣಿ ಬರೆಯದೆ ಬಿಡಲಾರರು.

ಮನೆಯೊಳಗಿನ ಕೂದಲ ಮಾತುಗಳು ಇದಕ್ಕಿಂತ ಸಮೃದ್ಧ, ಮತ್ತು ಅವುಗಳ ಒಡೆತನ ಬಹುಪಾಲು ತಾಯಂದಿರದು, ಅಜ್ಜಿಯರದು. ಕೂದಲು ಬಿಚ್ಚಿಕೊಂಡು ಓಡಾಡುವ ಮಗಳು ದೆವ್ವದ ಹಾಗೆ ಕಾಣುತ್ತಾಳೆ; ಬಾಚದ ತಲೆ ಕಾಗೆಗೂಡು, ಎಣ್ಣೆ ಕಾಣದ ಕೂದಲು ತೆಂಗಿನ ನಾರು, ಎಣ್ಣೆ ಹೆಚ್ಚಾದರೆ ಎಮ್ಮೆ ನೆಕ್ಕಿದ ತಲೆ, ತೆಳುವಾದ ಜಡೆ ಇಲಿಬಾಲ. ಹೀಗೆ ಯಾವ ಸ್ಥಿತಿಯಲ್ಲಿದ್ದರೂ ಹೆಣ್ಣುಮಗಳ ತಲೆ ಟೀಕೆಯಿಂದ ಪಾರಾಗುವುದಿಲ್ಲ. ಮೊಗ್ಗಿನ ಜಡೆ ಹೆಣೆದು ಛಾಯಾಚಿತ್ರದ ಅಂಗಡಿಯಲ್ಲಿ ಕನ್ನಡಿಯ ಮುಂದೆ ನಿಲ್ಲಿಸುತ್ತಿದ್ದ ಆ ಒಂದು ದಿನ ಮಾತ್ರ ವಿನಾಯಿತಿ ದೊರೆಯುತ್ತಿತ್ತು. ನೆತ್ತಿಯಲ್ಲಿ ಎರಡು ಸುಳಿಯಿರುವ ಹುಡುಗನಿಗೆ ಎರಡು ಮದುವೆಯೆಂದು ಇಡೀ ಕರ್ನಾಟಕ ಒಮ್ಮತದಿಂದ ನಂಬಿದೆ. ಜಾತಕದಲ್ಲಿ ಒಪ್ಪದ ಪಂಡಿತರೂ ಸುಳಿಯ ವಿಷಯದಲ್ಲಿ ಜಗಳವಾಡಿದ್ದನ್ನು ನಾನು ಕೇಳಿಲ್ಲ. ಪ್ರದೇಶಕ್ಕೆ ತಕ್ಕಂತೆ ಮಾತೂ ಬದಲಾಗುತ್ತದೆ. ಮೈಸೂರಿನ ಕಡೆ ತಲೆ ಬಾಚಿಕೊಳ್ಳುವ ಹುಡುಗಿ ಧಾರವಾಡದ ಕಡೆ ‘ತಲಿ ಹಿಕ್ಕೊ’ಳ್ಳುತ್ತಾಳೆ, ಅಲ್ಲಿ ಬಾಚಣಿಗೆ ಹಣಗಿಯಾಗುತ್ತದೆ, ಜಡೆ ಹೆರಳಾಗುತ್ತದೆ; ಕರಾವಳಿ ಮತ್ತು ಮಲೆನಾಡಿನಲ್ಲಿ ತಲೆಯೇ ಮಂಡೆಯಾಗಿ, ಚಿಂತೆ ಹೆಚ್ಚಾದವನಿಗೆ ‘ಮಂಡೆಬಿಸಿ’ ಆಗುತ್ತದೆ. ಬೀದಿಯಲ್ಲಿ ಉದುರುಗೂದಲು ಕೊಂಡು ಬದಲಿಗೆ ಪಿನ್ನು, ಪಾತ್ರೆ ಕೊಡುತ್ತ ಬರುವವರ ಕೂಗನ್ನು ಎಷ್ಟೋ ಊರುಗಳಲ್ಲಿ ಇನ್ನೂ ಕೇಳಬಹುದು. ಅವರು ಒಯ್ಯುವ ಉಂಡೆಗೆ ವ್ಯಾಪಾರದಲ್ಲಿ ‘ಗೋಲಿ’ ಎಂಬ ಹೆಸರಿದೆ.

ಗಂಡಸಿನ ಮುಖದ ಮೇಲಿನ ಕೂದಲಿಗೆ ಬಂದರೆ ಹಾಸ್ಯ ಜಂಭದ ಸುತ್ತ ತಿರುಗುತ್ತದೆ. ಕುಸ್ತಿಯಲ್ಲಿ ಸೋತವನು ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆನ್ನುತ್ತಾನೆ. ‘ಮೀಸೆ ಬಂದವನಿಗೆ ದೇಶ ಕಾಣದು’ ಎಂದು ಹಿರಿಯರು ಗೊಣಗುತ್ತಾರೆ. ಒಬ್ಬನ ಗಡ್ಡಕ್ಕೆ ಬೆಂಕಿ ಹತ್ತಿದಾಗ ಇನ್ನೊಬ್ಬ ಬೀಡಿ ಹೊತ್ತಿಸಿಕೊಳ್ಳಲು ಬಂದನೆಂಬ ಮಾತು ನೆರೆ ಪರಿಹಾರದ ಲೆಕ್ಕಪತ್ರಗಳನ್ನು ಓದುವಾಗ ನೆನಪಾಗದೆ ಇರುವುದಿಲ್ಲ. ಎಲ್ಲಕ್ಕಿಂತ ವಿಚಿತ್ರವಾದದ್ದು ಅರ್ಧ ಮೀಸೆಯ ಪಂಥ. ‘ನಾನು ಹೇಳಿದ್ದು ಸುಳ್ಳಾದರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ’ ಎಂಬ ಘೋಷಣೆ ಪ್ರತಿ ಚುನಾವಣೆಯ ಕಾಲದಲ್ಲಿ ಚಹಾದಂಗಡಿಗಳಲ್ಲಿ ಮೊಳಗುತ್ತದೆ. ಇಡೀ ಮೀಸೆ ತೆಗೆಸಿದರೆ ಅದು ಶೃಂಗಾರ, ಅರ್ಧ ತೆಗೆಸಿದರೆ ಅವಮಾನ ಎಂಬ ಈ ಗಣಿತವನ್ನು ಕಂಡುಹಿಡಿದವರು ಸಾಮಾನ್ಯರಲ್ಲ. ಫಲಿತಾಂಶದ ಮರುದಿನ ಅರ್ಧ ಮೀಸೆಯ ಗಂಡಸರು ಬೀದಿಯಲ್ಲಿ ಸಿಗದಿರುವುದನ್ನು ನೋಡಿದರೆ ಸೋತವರೇ ಇಲ್ಲವೆಂದೋ, ಮಾತಿಗೆ ತಪ್ಪಿದವರೇ ಎಲ್ಲರೂ ಎಂದೋ ತೀರ್ಮಾನಿಸಬೇಕಾಗುತ್ತದೆ.

ಈಗ ತಾವು ಮುಜುಗರಪಡಬಹುದಾದ ಭಾಗಕ್ಕೆ ಬರುತ್ತೇನೆ. ಬೆಂಗಳೂರು, ಮಂಡ್ಯ, ಮೈಸೂರುಗಳ ಯುವಕರ ಜಗಳವೊಂದನ್ನು ಎರಡು ನಿಮಿಷ ನಿಂತು ಕೇಳಿದವರಿಗೆ ‘ಏನ್ ಕಿತ್ಕೊಳ್ತೀಯ ಕಿತ್ಕೋ’ ಎಂಬ ಸವಾಲು ಕಿವಿಗೆ ಬೀಳದೆ ಇರುವುದಿಲ್ಲ. ವ್ಯಾಕರಣದ ದೃಷ್ಟಿಯಿಂದ ಇದು ಅಪರೂಪದ ವಾಕ್ಯ. ಇಲ್ಲಿ ಸಕರ್ಮಕ ಧಾತುವಿದೆ, ಕರ್ಮದ ಜಾಗದಲ್ಲಿ ‘ಏನು’ ಎಂಬ ಪ್ರಶ್ನೆಯಷ್ಟೇ ಇದೆ, ವಸ್ತುವಿನ ಹೆಸರಿಲ್ಲ. ಅದನ್ನು ಕೇಳುವ ಅಗತ್ಯ ಯಾರಿಗೂ ಬಿದ್ದಿಲ್ಲ. ಆಡುವವನಿಗೂ ಆಡಿಸಿಕೊಳ್ಳುವವನಿಗೂ ಸುತ್ತ ನಿಂತವರಿಗೂ ಕೀಳಬೇಕಾದದ್ದು ಯಾವುದೆಂಬುದು ಗೊತ್ತಿದೆ, ಅದು ದೇಹದ ಯಾವ ಭಾಗದ್ದೆಂಬುದೂ ಗೊತ್ತಿದೆ. ಕಚೇರಿಯಲ್ಲಿ ಆರು ತಿಂಗಳು ಸಭೆಗಳನ್ನಷ್ಟೇ ನಡೆಸಿದವನ ಬಗ್ಗೆ ‘ಏನು ಕಿತ್ತು ಗುಡ್ಡೆ ಹಾಕಿದ’ ಎಂದು ಸಹೋದ್ಯೋಗಿಗಳು ಕೇಳುವಾಗಲೂ ಆ ಗುಡ್ಡೆ ಯಾವುದರದೆಂದು ಯಾರೂ ವಿವರಿಸುವುದಿಲ್ಲ. ಆ ವಸ್ತುವನ್ನು ನೇರವಾಗಿ ಹೇಳುವ ‘ಶಾಟ’ ಎಂಬ ಪದವೂ ಧಾರಾಳವಾಗಿ ಬಳಕೆಯಲ್ಲಿದೆ, ಮತ್ತು ‘ನಿನಗೇನು ಗೊತ್ತು’ ಎಂಬ ಪ್ರಶ್ನೆಯ ನಡುವೆ ಅದು ಸೇರಿದಾಗ ಅದಕ್ಕೆ ‘ಶೂನ್ಯ’ ಎಂಬುದಲ್ಲದೆ ಬೇರೆ ಅರ್ಥವೇ ಉಳಿದಿಲ್ಲ. ಪಕ್ಕದ ತಮಿಳರು ‘ಮಯಿರು’ ಎಂಬ ಕೂದಲಿನ ಸಾಮಾನ್ಯ ಪದವನ್ನೇ ಇದೇ ಕೆಲಸಕ್ಕೆ ಹಚ್ಚಿ, ಸಭ್ಯ ಸಂಭಾಷಣೆಗೆ ‘ಮುಡಿ’ಯನ್ನು ಬಳಸಿಕೊಂಡಿದ್ದಾರೆ. ಎರಡು ಭಾಷೆಗಳೂ ಬೆಲೆಯಿಲ್ಲದ್ದನ್ನು ಹೇಳಲು ಒಂದೇ ವಸ್ತುವಿನ ಬಳಿಗೆ ಹೋದದ್ದು ನುಡಿಯನ್ನು ಅಧ್ಯಯನ ಮಾಡುವವರಿಗೆ ಒಳ್ಳೆಯ ವಿಷಯ. ಸಭ್ಯತೆಯ ಕಾರಣಕ್ಕೆ ಇವನ್ನು ಕೋಶದಿಂದ ಹೊರಗಿಟ್ಟರೆ ಮುಂದಿನ ಕಾಲದ ಓದುಗನು ನಮ್ಮ ಕಾಲದ ಜಗಳಗಳನ್ನು ಕೇಳಿ, ಇವರು ಬೀದಿಯಲ್ಲಿ ನಿಂತು ತೋಟದ ಕಳೆ ಕೀಳುವ ಬಗ್ಗೆ ಇಷ್ಟು ಆವೇಶದಿಂದ ಮಾತನಾಡುತ್ತಿದ್ದರೆಂದು ತಿಳಿದಾನು.

ಬೋಳುತಲೆಗೆ ನಮ್ಮಲ್ಲಿರುವ ಹೆಸರುಗಳ ಸಂಪತ್ತು ಆ ತಲೆಯ ಮೇಲೆ ಇಲ್ಲದ್ದನ್ನೆಲ್ಲ ತುಂಬಿಕೊಡುವಷ್ಟಿದೆ. ಬೊಕ್ಕತಲೆ, ಬಕ್ಕತಲೆ, ಬೋಡ, ಬಾಂಡ್ಲಿ, ಮೊಟ್ಟೆ, ಟಕಲು, ಬಲ್ಬು ಇವೆಲ್ಲ ಹಳೆಯವು. ವಿಮಾನಗಳು ಹೆಚ್ಚಿದ ಮೇಲೆ ರನ್‌ವೇ, ಹೆಲಿಪ್ಯಾಡ್‌ಗಳೂ ಬಂದವು. ಹಣೆ ಹಿಂದಕ್ಕೆ ಸರಿಯುತ್ತಿರುವವನಿಗೆ ‘ಮುಖ ತೊಳೆಯುವ ಜಾಗ ಜಾಸ್ತಿಯಾಯಿತು’ ಎನ್ನುತ್ತಾರೆ. ಎಡಗಿವಿಯ ಮೇಲಿನ ನಾಲ್ಕೆಳೆಗಳನ್ನು ಬಲಗಿವಿಯವರೆಗೆ ಎಳೆದು ಅಂಟಿಸಿಕೊಂಡವನ ಸಾಹಸವನ್ನು ಗಾಳಿ ಬೀಸುವವರೆಗೂ ಗೌರವಿಸುತ್ತಾರೆ. ಬೇರೆ ಜಿಲ್ಲೆಗಳಿಂದ ಬೆಂಗಳೂರಿಗೆ ಬಂದು ಬಾಡಿಗೆ ಕೋಣೆಗಳಲ್ಲಿರುವ ಹುಡುಗರು ತಮ್ಮ ಕೂದಲಿನ ಕೇಡಿಗೆ ಕೊಳವೆಬಾವಿಯ ನೀರೇ ಕಾರಣವೆಂದು ದೃಢವಾಗಿ ನಂಬಿದ್ದಾರೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೆಂದು ಚರ್ಮವೈದ್ಯರು ಎಷ್ಟು ಹೇಳಿದರೂ, ನಗರ ಸಂಬಳ ಕೊಟ್ಟು ಕೂದಲು ಕಿತ್ತುಕೊಂಡಿತೆಂಬ ಅವರ ದೂರು ನಿಲ್ಲುವುದಿಲ್ಲ. ಬೋಳುತಲೆಯವರ ಕೈಯಲ್ಲಿರುವ ಏಕೈಕ ಗುರಾಣಿ ‘ಕ್ವಚಿತ್ ಖಲ್ವಾಟ ನಿರ್ಧನಃ’, ಅಂದರೆ ಬೋಳುತಲೆಯ ಬಡವ ಎಲ್ಲೋ ಒಬ್ಬ, ಎಂಬ ಸಂಸ್ಕೃತದ ಮಾತು. ಅದನ್ನು ಕಂಠಪಾಠ ಮಾಡಿಕೊಂಡವರಲ್ಲಿ ಬಡವರೂ ಸಾಕಷ್ಟಿದ್ದಾರೆ. 2017ರಲ್ಲಿ ಬೋಳುತಲೆಯ ಕನ್ನಡ ಉಪನ್ಯಾಸಕನೊಬ್ಬನು ಹೆಣ್ಣು ಹುಡುಕುವ ಪಾಡನ್ನೇ ಕತೆಯಾಗಿಸಿದ ಕನ್ನಡ ಚಿತ್ರವೊಂದನ್ನು ಜನ ಮನಸಾರೆ ನೋಡಿದರು. ಗಂಡಸಿನ ಬೋಳುತಲೆಯ ಹಾಸ್ಯದಲ್ಲಿ ಸ್ವಲ್ಪ ನೋವಿದ್ದರೂ ಅವನೂ ನಗೆಯಲ್ಲಿ ಪಾಲುದಾರನಾಗಲು ಅವಕಾಶವಿದೆ.

ಬೋಳುತಲೆಯ ಹೆಂಗಸಿಗೆ ಇಂಥ ತಮಾಷೆಯ ಹೆಸರು ಒಂದೂ ಇಲ್ಲ. ಅವಳಿಗೆ ಇರುವುದು ಬೋಳಿ ಮತ್ತು ಮುಂಡೆ ಎಂಬ ಎರಡು ಹಳೆಯ ಪದಗಳು, ಎರಡೂ ಬೈಗುಳಗಳು. ಎರಡಕ್ಕೂ ತಲೆ ಬೋಳಿಸಲ್ಪಟ್ಟವಳು ಎಂಬುದೇ ಮೂಲಾರ್ಥ, ವಿಧವೆ ಎಂಬುದು ಅದರಿಂದ ಬಂದ ಅರ್ಥ. ಗಂಡ ಸತ್ತವಳ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡುಗೆಮನೆಯ ಮೂಲೆಗೆ ತಳ್ಳಿದ ಪದ್ಧತಿ ಬ್ರಾಹ್ಮಣರ ಮನೆಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಉಳಿದಿತ್ತು. ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ಮೈಸೂರು ಸಂಸ್ಥಾನ ಕಾಯಿದೆ ಮಾಡಿ ನಿಷೇಧಿಸಿದ್ದು 1894ರಲ್ಲಿ, ಕಿಟ್ಟೆಲರ ನಿಘಂಟು ಬಂದ ವರ್ಷದಲ್ಲೇ. ಅಂಥ ಕಾಯಿದೆ ಬೇಕಾಯಿತೆಂದರೆ ಅಂಥ ಮದುವೆಗಳು ನಡೆಯುತ್ತಿದ್ದವೆಂದೇ ಅರ್ಥ, ಮತ್ತು ಆ ಮಕ್ಕಳಲ್ಲಿ ಗಂಡನ ಮುಖ ನೆನಪಿರುವ ಮೊದಲೇ ಬೋಳಿಯೆನಿಸಿಕೊಂಡವರೂ ಇದ್ದರು. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆಗೆ ಕತ್ತಿ ತಾಗಿಸುವುದಿಲ್ಲವೆಂದು ನಿರ್ಧರಿಸಿದರು. ಶಾಸ್ತ್ರ ಓದಿದವರಿಗೆ ಬಾರದ ಮುಜುಗರ ಕತ್ತಿ ಹಿಡಿದವರಿಗೆ ಬಂದಿತ್ತು.

ಇಂದು ‘ಬೋಳೀಮಗ’ ಎಂಬುದು ಹಳೆಯ ಮೈಸೂರಿನ ಗೆಳೆಯರ ನಡುವೆ ಅಕ್ಕರೆಯ ಸಂಬೋಧನೆ. ಬಹಳ ದಿನಗಳ ಮೇಲೆ ಸಿಕ್ಕವನ ಬೆನ್ನಿಗೆ ಗುದ್ದಿ ಈ ಮಾತನ್ನು ಆಡದಿದ್ದರೆ ಅವನಿಗೇ ಕಸಿವಿಸಿಯಾಗುತ್ತದೆ. ಹಾಸನ, ಮಂಡ್ಯದ ಕಡೆ ಮೊಮ್ಮಗು ಬಿದ್ದು ಅತ್ತರೆ ಅಜ್ಜಿ ಅದನ್ನು ಎತ್ತಿಕೊಂಡು ‘ಅಯ್ಯೋ ಮುಂಡೇದೆ’ ಎಂದು ಮುದ್ದಿಸುತ್ತಾಳೆ. ಆ ಅಜ್ಜಿಯೇ ವಿಧವೆಯಾಗಿರಬಹುದು. ಆಡುವವರ ಮನಸ್ಸಿನಲ್ಲಿ ಕತ್ತಿಯೂ ಇಲ್ಲ, ಕೆಂಪು ಸೀರೆಯೂ ಇಲ್ಲವೆಂಬುದು ನಿಜ, ಹಾಗಾಗಿ ಅವರನ್ನು ತಪ್ಪಿತಸ್ಥರೆಂದು ನಾನು ಕರೆಯಲಾರೆ. ಆದರೆ ದೂರದರ್ಶನದ ವಾಹಿನಿಗಳು ಈ ಪದ ಬಂದಲ್ಲೆಲ್ಲ ಕೀರಲು ಸದ್ದು ಹಾಕಿ ಮುಚ್ಚುವುದನ್ನೂ, ಕೋಶಗಳು ‘ಒಂದು ಬೈಗುಳ’ ಎಂಬ ಎರಡು ಪದಗಳಲ್ಲಿ ಮುಗಿಸುವುದನ್ನೂ ನಾನು ಒಪ್ಪುವುದಿಲ್ಲ. ಪದವನ್ನು ಪುಟದಿಂದ ತೆಗೆದ ಮಾತ್ರಕ್ಕೆ ಅದು ಬಾಯಿಂದ ಹೋಗುವುದಿಲ್ಲ. ಹೋಗುವುದು ಅದರ ಚರಿತ್ರೆಯಷ್ಟೆ. ಅಕ್ಕರೆಯ ಬಳಕೆ, ಕೋಪದ ಬಳಕೆ, ವಿಧವೆಯರ ಕಿವಿಗೆ ಅದು ಇಂದಿಗೂ ಹೇಗೆ ಬೀಳುತ್ತದೆಂಬ ಸಂಗತಿ, ಈ ಮೂರೂ ಒಂದೇ ನಮೂದಿನಲ್ಲಿ ಅಕ್ಕಪಕ್ಕ ನಿಂತಾಗ ಓದುಗನು ಮುಂದಿನ ಸಲ ಆ ಪದವನ್ನು ಆಡಬೇಕೋ ಬೇಡವೋ ಎಂಬುದನ್ನು ತಾನೇ ನಿರ್ಧರಿಸಿಕೊಳ್ಳುತ್ತಾನೆ.

ಇದೇ ಎಚ್ಚರ ಕ್ಷೌರವೃತ್ತಿಯವರ ವಿಷಯದಲ್ಲೂ ಬೇಕು. ‘ಬೋಳಿಸು’ ಎಂದರೆ ವಂಚಿಸು, ‘ನುಣ್ಣಗೆ ಬೋಳಿಸಿದ’ ಎಂದರೆ ಸಂಪೂರ್ಣ ದೋಚಿದ, ‘ಹಜಾಮತಿ’ ಎಂದರೆ ಮರ್ಯಾದೆ ತೆಗೆಯುವ ಕೆಲಸ. ಈ ಮಾತುಗಳನ್ನು ಕಟ್ಟಿದವರು ತಲೆ ಕೊಟ್ಟು ಕೂತವರೇ ಹೊರತು ಕತ್ತಿ ಹಿಡಿದವರಲ್ಲ. ಒಂದು ಸಮುದಾಯದ ಕಸುಬಿನ ಹೆಸರೇ ಬೈಗುಳವಾಗಿ ತಿರುಗಿದ್ದನ್ನು ಸವಿತಾ ಸಮಾಜದವರು ಆಕ್ಷೇಪಿಸುತ್ತ ಬಂದಿದ್ದಾರೆ, ಮತ್ತು ಆ ಆಕ್ಷೇಪ ನ್ಯಾಯವಾದದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರಿಗೆ ಅತ್ಯಂತ ಹತ್ತಿರವಿದ್ದ ಹಡಪದ ಅಪ್ಪಣ್ಣನವರನ್ನೂ, ಅವರ ಪತ್ನಿ ವಚನಕಾರ್ತಿ ಲಿಂಗಮ್ಮನವರನ್ನೂ ತಮ್ಮ ಹಿರಿಯರೆಂದು ನೆನೆಯುವ ಜನ ಇವರು. ಹಳ್ಳಿಗಳಲ್ಲಿ ಗಾಯಕ್ಕೆ ಮದ್ದು ಕಟ್ಟುವುದು, ಮದುವೆಗೆ ವಾಲಗ ಊದುವುದು ಇವರ ಕೈಯಲ್ಲೇ ಇತ್ತು. ಗಿರಾಕಿಗಳು ಕ್ಷೌರಿಕನ ಬಗ್ಗೆ ಕಟ್ಟಿದ ಹಾಸ್ಯವನ್ನು ನಾವೆಲ್ಲ ಬಲ್ಲೆವು. ಊರಿನ ಪ್ರತಿಯೊಂದು ತಲೆಯನ್ನೂ ಕೈಯಲ್ಲಿ ಹಿಡಿದು ನೋಡಿದ ಕ್ಷೌರಿಕರು ಗಿರಾಕಿಗಳ ಬಗ್ಗೆ ಕಟ್ಟಿರುವ ಹಾಸ್ಯವನ್ನು ಕಲೆಹಾಕಲು ಹೊರಟವರು ತೀರ ಕಡಿಮೆ. ಈ ಎರಡನೆಯ ಭಂಡಾರವೇ ಹೆಚ್ಚು ರಂಜಕವಾಗಿರಬಹುದೆಂದು ನನ್ನ ಊಹೆ. ಸೈನಿಕರ ಕಟ್ಟು, ಬಚ್ಚನ್ ಕಟ್ಟು, ಸ್ಟೆಪ್ ಕಟ್ಟು ಎಂದು ಬಂದುಹೋದ ಮಾದರಿಗಳನ್ನೂ, ತಾರೆಯ ಚಿತ್ರ ತೋರಿಸಿ ‘ಹೀಗೇ ಮಾಡಿ’ ಎನ್ನುವ ಮುಖಗಳನ್ನೂ ದಶಕಗಳಿಂದ ಕಂಡವರು ಅವರೇ ಅಲ್ಲವೇ?

ಆದ್ದರಿಂದ ನನ್ನ ಕೋರಿಕೆಯನ್ನು ಸ್ಪಷ್ಟವಾಗಿ ಮುಂದಿಡುತ್ತೇನೆ. ವಿದ್ಯಾರ್ಥಿಗಳ ತಂಡಗಳನ್ನು ಕ್ಷೌರದಂಗಡಿ, ಹೆಣ್ಣುಮಕ್ಕಳ ವಸತಿನಿಲಯ, ಕುಸ್ತಿಯ ಗರಡಿಮನೆಗಳಿಗೂ, ಭಕ್ತರು ಮುಡಿ ಕೊಡುವ ಮಲೆ ಮಹದೇಶ್ವರ ಬೆಟ್ಟ, ನಂಜನಗೂಡುಗಳಂಥ ಕ್ಷೇತ್ರಗಳಿಗೂ ಕಳಿಸಬೇಕು. ಕೊಪ್ಪಳದ ಮಗ್ಗುಲಲ್ಲಿರುವ ಭಾಗ್ಯನಗರವನ್ನು ಮರೆಯಬಾರದು. ತಲೆಗೂದಲನ್ನು ಬಿಡಿಸಿ, ಬಾಚಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹೊರದೇಶಗಳಿಗೆ ಕಳಿಸುವ ಕಸುಬಿನಿಂದ ಬದುಕುವ ಮನೆಗಳು ಅಲ್ಲಿವೆ, ಮತ್ತು ದಿನವಿಡೀ ಸಿಕ್ಕು ಬಿಡಿಸುವ ಹೆಂಗಸರ ನಡುವೆ ಹುಟ್ಟಿದ ಮಾತುಗಳು ನಗರದ ಕೋಶಕಾರರಿಗೆ ತಲುಪಿರಲಾರವು. ಪ್ರತಿ ಮಾತಿನ ಜೊತೆ ಪ್ರದೇಶ, ಆಡುವವರ ವಯಸ್ಸು, ಆಡಿಸಿಕೊಳ್ಳುವವರೊಂದಿಗಿನ ಸಂಬಂಧ ಇವನ್ನು ಗುರುತಿಸಬೇಕು. ಜಾತಿಯನ್ನೋ ವಿಧವೆಯರನ್ನೋ ನೋಯಿಸುವ ಮಾತಾದರೆ ಅದನ್ನು ಪಕ್ಕದಲ್ಲೇ ಹೇಳಬೇಕು, ಅಡಿಟಿಪ್ಪಣಿಯಲ್ಲಿ ಹೂತಿಡಬಾರದು. ಮಕ್ಕಳ ಆವೃತ್ತಿಗೆ ಬೇಕಾದರೆ ಬೇರೆ ಆಯ್ಕೆ ಮಾಡಿಕೊಳ್ಳಲಿ, ಮೂಲ ಸಂಗ್ರಹಕ್ಕೆ ಮಾತ್ರ ಕತ್ತರಿ ಬೀಳದಿರಲಿ.

ಸಂಪಾದಕ ಮಂಡಳಿಯಲ್ಲಿ ಪ್ರಾಧ್ಯಾಪಕರ ಜೊತೆಗೆ ಕ್ಷೌರವೃತ್ತಿಯ ಇಬ್ಬರಾದರೂ ಹಿರಿಯರು, ಮೊಗ್ಗಿನ ಜಡೆ ಹೆಣೆಯಬಲ್ಲ ಒಬ್ಬ ಅಜ್ಜಿ, ಭಾಗ್ಯನಗರದ ಒಬ್ಬ ಕಾರ್ಮಿಕ ಮಹಿಳೆ ಇರಲೇಬೇಕು; ಇವರಿಗೆ ಪ್ರಾಧ್ಯಾಪಕರಿಗೆ ಕೊಡುವಷ್ಟೇ ಗೌರವಧನ ಸಲ್ಲಬೇಕು. ಮಂಡಳಿಯ ಸಭೆಗಳನ್ನು ದಯವಿಟ್ಟು ಭಾನುವಾರ ಇಟ್ಟುಕೊಳ್ಳಬೇಡಿ, ಅಂದು ಕ್ಷೌರದಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಂಗಳವಾರ ಇಟ್ಟುಕೊಂಡರೆ ಅವರಿಗೆ ರಜೆ, ಬರಲು ಅಡ್ಡಿಯಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿರುವ ಒಬ್ಬ ಕನ್ನಡ ಓದುಗ